ಕಾಗದದ ಕಸುಬನ್ನು ಬರೆದಿಟ್ಟ ಖಗೋಳಜ್ಞ: ಲಾಲಾಂದ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಕಾಗದದ ಮಾತು ಬಂದಾಗಲೆಲ್ಲ ನಾನು ಲಾಲಾಂದ್ ಹೆಸರು ಎತ್ತುತ್ತೇನೆ. ಎತ್ತಿದ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಕೆಲವನ್ನು ಎದುರಿಗೆ ಕೂತವರು ಕೇಳಿದರು, ಕೆಲವು ಪತ್ರದಲ್ಲಿ ಬಂದವು. ಒಂದೇ ಪ್ರಶ್ನೆಗೆ ಹತ್ತು ಸಲ ಉತ್ತರ ಹೇಳಿದ ಮೇಲೆ, ಎಲ್ಲವನ್ನೂ ಒಂದು ಕಡೆ ಬರೆದಿಡೋಣ ಅನ್ನಿಸಿತು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲು ಪರಿಚಯ

ಯಾರು ಸಾರ್ ಈ ಲಾಲಾಂದ್? ಹೆಸರೇ ಕೇಳಿಲ್ಲ.

ಜೆರೋಮ್ ಲಾಲಾಂದ್ ಫ್ರಾನ್ಸಿನ ಖಗೋಳ ವಿಜ್ಞಾನಿ. 1732ರ ಜುಲೈ 11ರಂದು ಬೂರ್ಗ್-ಆಂ-ಬ್ರೆಸ್ ಎಂಬ ಊರಿನಲ್ಲಿ ಹುಟ್ಟಿದರು. ಪ್ಯಾರಿಸ್ಸಿಗೆ ಹೋದದ್ದು ಕಾನೂನು ಓದಲು. ಆದರೆ ಅವರು ಇಳಿದುಕೊಂಡಿದ್ದ ಕಟ್ಟಡದಲ್ಲೇ ದೆಲಿಲ್ ಎಂಬ ಖಗೋಳಜ್ಞರ ವೀಕ್ಷಣಾಲಯ ಇತ್ತು. ಅಲ್ಲಿಗೆ ಹುಡುಗನ ದಾರಿ ಬದಲಾಯಿತು. 19ನೇ ವಯಸ್ಸಿಗೇ ಅವರನ್ನು ಬರ್ಲಿನ್ನಿಗೆ ಕಳಿಸಿದರು. ಅದೇ ಹೊತ್ತಿಗೆ ಲಕಾಯ್ ಎಂಬವರು ಆಫ್ರಿಕದ ದಕ್ಷಿಣ ತುದಿಯಲ್ಲಿ ನಿಂತು ಚಂದ್ರನನ್ನು ಅಳೆಯುತ್ತಿದ್ದರು. ಎರಡು ಕಡೆಯ ಅಳತೆ ಸೇರಿಸಿ ಚಂದ್ರನ ದೂರ ಲೆಕ್ಕ ಹಾಕುವುದು ಉದ್ದೇಶ. 1753ರಲ್ಲಿ, ಇನ್ನೂ 21 ತುಂಬುವ ಮೊದಲೇ, ಪ್ಯಾರಿಸ್ಸಿನ ರಾಜ ವಿಜ್ಞಾನ ಅಕಾಡೆಮಿಗೆ ಸೇರಿದರು.

ಮುಂದೆ 47,000ಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿ ಮಾಡಿಸಿ 1801ರಲ್ಲಿ ಅಚ್ಚು ಹಾಕಿಸಿದರು. ನಮ್ಮ ಸೂರ್ಯನಿಗೆ ತೀರ ಹತ್ತಿರದ ನಕ್ಷತ್ರಗಳಲ್ಲಿ ಒಂದಕ್ಕೆ ಈಗಲೂ ಲಾಲಾಂದ್ 21185 ಅಂತಲೇ ಹೆಸರು. ತೀರಿಕೊಂಡದ್ದು 1807ರ ಏಪ್ರಿಲ್ 4ರಂದು.

ಇಷ್ಟನ್ನು ಖಗೋಳದ ಪುಸ್ತಕಗಳು ಹೇಳುತ್ತವೆ. ನನಗೆ ಅವರು ಬೇಕಾದದ್ದು ಬೇರೆ ಕಾರಣಕ್ಕೆ. 1761ರಲ್ಲಿ, 29 ವರ್ಷದ ಆಸುಪಾಸಿನಲ್ಲಿ, ಕಾಗದ ಮಾಡುವ ಕೆಲಸದ ಬಗ್ಗೆ ಅವರೊಂದು ದೊಡ್ಡ ಪುಸ್ತಕ ಬರೆದರು. ಚಿಂದಿಯ ಮೂಟೆ ಗಿರಣಿಗೆ ಬರುವಲ್ಲಿಂದ ಹಾಳೆಯ ಕಟ್ಟು ಹೊರಗೆ ಹೋಗುವವರೆಗೆ ಎಲ್ಲ ಅದರಲ್ಲಿದೆ.

ನಕ್ಷತ್ರ ನೋಡೋ ಮನುಷ್ಯನಿಗೆ ಕಾಗದದ ಉಸಾಬರಿ ಯಾಕೆ?

ಅದು ಅವರೊಬ್ಬರ ಹಂಬಲ ಅಲ್ಲ, ಅಕಾಡೆಮಿಯ ಹಳೆಯ ಸಾಲ. 1675ರಲ್ಲಿ ಫ್ರಾನ್ಸಿನ ಮಂತ್ರಿ ಕೋಲ್ಬೆರ್, ದೇಶದ ಎಲ್ಲ ಕಸುಬುಗಳನ್ನೂ ವಿವರಿಸಿ ಬರೆಯಿರಿ ಎಂದು ಅಕಾಡೆಮಿಗೆ ಹೇಳಿದ್ದರು. ಕೆಲಸ ಕುಂಟುತ್ತಾ ಸಾಗಿತು. 1690ರ ದಶಕದಲ್ಲಿ ಒಂದು ಚಿಕ್ಕ ತಂಡ ಕೂತಿತು. ಆ ತಂಡದ ದೆ ಬಿಯೆತ್ ಕಾಗದದ ಬಗ್ಗೆ ಬರೆದಿಟ್ಟರು, ಚಿತ್ರಗಳನ್ನೂ ಕೆತ್ತಿಸಿದರು. ಆಮೇಲೆ ಅಕಾಡೆಮಿಯ ವಿಜ್ಞಾನಿ ರೆಯೋಮ್ಯೂರ್ ಹತ್ತಿರ ಕಟ್ಟುಗಟ್ಟಲೆ ಟಿಪ್ಪಣಿ ಸೇರಿತು. 1757ರಲ್ಲಿ ಅವರೂ ಹೋದರು. ಪುಸ್ತಕ ಮಾತ್ರ ಒಂದೂ ಹೊರಬರಲಿಲ್ಲ.

ಅಷ್ಟರಲ್ಲಿ ದಿದೆರೋ ಅವರ ವಿಶ್ವಕೋಶ ಶುರುವಾಗಿತ್ತು. ಅಕಾಡೆಮಿಯ ಚಿತ್ರಗಳನ್ನು ಅಲ್ಲಿ ಕದ್ದು ಬಳಸುತ್ತಿದ್ದಾರೆ ಎಂದು 1759ರಲ್ಲಿ ಗಲಾಟೆ ಆಯಿತು. ಅಕಾಡೆಮಿಯವರು ಧಡಬಡಿಸಿ ಎದ್ದರು. 1761ರಿಂದ ಕಸುಬಿಗೊಂದರಂತೆ ಪುಸ್ತಕ ಬರತೊಡಗಿತು. ಬೇಗ ಬರೆಯುವ, ಲೆಕ್ಕ ತಪ್ಪದ ಯುವಕ ಬೇಕಿತ್ತು. ಲಾಲಾಂದ್ ಸಿಕ್ಕರು. ಕಾಗದ ಮುಗಿದ ಮೇಲೆ ರಟ್ಟು, ಬರೆಯುವ ಚರ್ಮ, ಚರ್ಮ ಹದ ಮಾಡುವುದು ಹೀಗೆ ಒಂದರ ಹಿಂದೆ ಒಂದು ಕಸುಬಿನ ಪುಸ್ತಕ ಬರೆದರು.

ಕಾಗದ ಮಾಡೋದರ ಬಗ್ಗೆ ಪ್ರಪಂಚದಲ್ಲೇ ಮೊದಲ ಪುಸ್ತಕ ಇದೇನಾ?

ಅಲ್ಲ. ಚೀನಾದಲ್ಲಿ ಸೊಂಗ್ ಯಿಂಗ್‌ಶಿಂಗ್ 1637ರಲ್ಲೇ ಬಿದಿರಿನ ಕಾಗದ ಮಾಡುವ ಬಗೆಯನ್ನು ಚಿತ್ರ ಸಮೇತ ಬರೆದಿದ್ದರು. ಜಪಾನಿಗೆ ಹೋಗಿಬಂದ ಜರ್ಮನ್ ವೈದ್ಯ ಕೆಂಪ್ಫರ್, ಅಲ್ಲಿ ಹಿಪ್ಪುನೇರಳೆ ಜಾತಿಯ ಗಿಡದ ತೊಗಟೆಯಿಂದ ಕಾಗದ ಮಾಡುವುದನ್ನು 1712ರಲ್ಲಿ ಅಚ್ಚು ಹಾಕಿಸಿದ್ದರು. ಫ್ರಾನ್ಸಿನಲ್ಲೇ ಆಂಬೇರ್ ಊರಿನ ಒಬ್ಬ ಪಾದ್ರಿ 1693ರಲ್ಲಿ ಕಾಗದದ ಕೆಲಸವನ್ನು ಲ್ಯಾಟಿನ್ ಪದ್ಯದಲ್ಲಿ ಹಾಡಿದ್ದರು.

ಲಾಲಾಂದ್ ಅವರದು ಬೇರೆ ಥರ. ಯುರೋಪಿನ ಗಿರಣಿಯೊಂದನ್ನು ಅಳತೆ, ತೂಕ, ಬೆಲೆ, ಕೂಲಿ, ಕಾನೂನು ಎಲ್ಲ ಸೇರಿಸಿ ಬಿಡಿಬಿಡಿಯಾಗಿ ವಿವರಿಸಿದ ಮೊದಲ ದೊಡ್ಡ ಪುಸ್ತಕ ಇದು. ಓದಿದವನಿಗೆ ಗಿರಣಿ ಕಟ್ಟುವ ಧೈರ್ಯ ಬರಬೇಕು, ಹಾಗಿದೆ ಬರವಣಿಗೆ.

ಜೇಡ ತಿನ್ನುತ್ತಿದ್ದರಂತೆ, ನಿಜಾನಾ?

ಹೌದು, ಕಂಡವರು ಹಾಗಂತ ಬರೆದಿದ್ದಾರೆ. ಜೇಡಕ್ಕೆ ಹೆದರುವುದು ಬರೀ ಭ್ರಮೆ ಎಂದು ತೋರಿಸುವ ಹಟ ಅವರದು. ಪ್ರತಿ ಸಲವೂ ಯಾರಾದರೂ ಇದನ್ನು ಕೇಳುತ್ತಾರೆ. ಕಾಗದಕ್ಕೂ ಇದಕ್ಕೂ ಸಂಬಂಧ ಇಲ್ಲ.

## ಗಿರಣಿಯ ಒಳಗೆ

ಚಿಂದಿ ಬಟ್ಟೆಯಿಂದ ಕಾಗದ ಅಂದ್ರೆ ಹೇಗೆ? ಮರದಿಂದ ಅಲ್ವಾ ಮಾಡೋದು?

ಮರ ಬಂದದ್ದು ಬಹಳ ತಡವಾಗಿ, 1840ರ ನಂತರ. ಅದಕ್ಕೆ ಮೊದಲು ಆರು ನೂರು ವರ್ಷ ಯುರೋಪಿನ ಕಾಗದವೆಲ್ಲ ಹಳೆ ಬಟ್ಟೆಯಿಂದಲೇ ಆಗಿದ್ದು. ಅಗಸೆ ನಾರಿನ ಬಟ್ಟೆ, ಸೆಣಬಿನ ಬಟ್ಟೆ, ಹರಿದ ಅಂಗಿ, ಹಾಸಿಗೆಯ ಹೊದಿಕೆ, ಹಡಗಿನ ಹಾಯಿ, ಹಗ್ಗ. ಎಷ್ಟು ಸಲ ಒಗೆದು ಮೆತ್ತಗಾಗಿರುತ್ತೋ ಅಷ್ಟು ಒಳ್ಳೆಯದು.

ಚಿಂದಿ ಆಯುವವರು ಮನೆಮನೆ ತಿರುಗಿ ತಂದು ಮಾರುತ್ತಿದ್ದರು. ಬಟ್ಟೆ ಹುಟ್ಟುವುದು ಹೊಲದಲ್ಲಿ, ಸವೆಯುವುದು ಜನರ ಮೈಮೇಲೆ. ಹಾಗಾಗಿ ಬೇಕೆಂದಷ್ಟು ಚಿಂದಿ ಎಂದೂ ಸಿಗುತ್ತಿರಲಿಲ್ಲ. ದೇಶದ ಚಿಂದಿ ಗಡಿ ದಾಟಬಾರದು ಎಂದು ಫ್ರಾನ್ಸ್ ಕಟ್ಟಳೆ ಮಾಡಿತ್ತು ಅಂದರೆ ಯೋಚಿಸಿ. ಗಿರಣಿಯಲ್ಲಿ ಮೊದಲ ಕೆಲಸ ಚಿಂದಿ ಆರಿಸುವುದು. ಹೊಲಿಗೆ ಬಿಚ್ಚಿ, ಗುಂಡಿ ತೆಗೆದು, ನಯವಾದದ್ದು ಬೇರೆ, ಒರಟು ಬೇರೆ ಮಾಡಬೇಕು. ಇಲ್ಲಿ ತಪ್ಪಿದರೆ ಮುಂದೆ ಎಲ್ಲೂ ಸರಿಮಾಡಲು ಬರುವುದಿಲ್ಲ.

ಆರಿಸಿದ ಚಿಂದಿಯನ್ನು ಕೊಳೆಸುತ್ತಿದ್ದರು ಅಂತ ಓದಿದೆ. ಯಾಕೆ ಕೊಳೆಸಬೇಕು?

ಕುಟ್ಟಲು ಸುಲಭ ಆಗಲಿ ಅಂತ. ಚಿಂದಿಯನ್ನು ನೆನೆಸಿ, ಕಲ್ಲಿನ ತೊಟ್ಟಿಯಲ್ಲೋ ನೆಲಮಾಳಿಗೆಯಲ್ಲೋ ರಾಶಿ ಹಾಕಿ ವಾರಗಟ್ಟಲೆ ಬಿಡುತ್ತಿದ್ದರು. ನಮ್ಮ ಗೊಬ್ಬರದ ಗುಂಡಿಯ ಹಾಗೆಯೇ ರಾಶಿ ಒಳಗಿನಿಂದ ಬಿಸಿಯಾಗುತ್ತದೆ. ಕೈ ಇಟ್ಟು ಆ ಬಿಸಿ ನೋಡಿಯೇ ಹದ ತಿಳಿಯಬೇಕು. ಬೇಗ ತೆಗೆದರೆ ನಾರು ಬಿಡುವುದಿಲ್ಲ. ತಡವಾದರೆ ನಾರೇ ಸತ್ತುಹೋಗುತ್ತದೆ, ಬಣ್ಣ ಕೆಡುತ್ತದೆ, ತೂಕವೂ ಕಳೆದುಹೋಗುತ್ತದೆ.

ಆಮೇಲೆ ಕುಟ್ಟುವ ಕೆಲಸ. ನೀರಿನ ಚಕ್ರ ತಿರುಗಿದಂತೆ ಮರದ ದೊಡ್ಡ ಸುತ್ತಿಗೆಗಳು ಎದ್ದು ಬೀಳುತ್ತವೆ. ನಮ್ಮ ಒರಳು ಒನಕೆಯನ್ನು ಹೊಳೆ ನೀರು ಕುಟ್ಟಿದಂತೆ ಅಂದುಕೊಳ್ಳಿ. ಮೊದಲ ಒರಳುಗಳಲ್ಲಿ ಸುತ್ತಿಗೆಗೆ ಕಬ್ಬಿಣದ ಮೊಳೆ ಇರುತ್ತದೆ. ಅವು ಬಟ್ಟೆಯನ್ನು ಹರಿಯುತ್ತವೆ. ಕೊನೆಯ ಒರಳಲ್ಲಿ ಬರೀ ಮರ. ಅಲ್ಲಿ ನಾರು ಬಿಡಿಸಿಕೊಂಡು ನೀರಲ್ಲಿ ಕದಡುತ್ತದೆ. ಕೆಳಗೆ ಹರಿದುಬಂದದ್ದು ಹಾಲಿನಂಥ ತಿರುಳು.

ಹಾಲೆಂಡರ್ ಅಂತೀರಲ್ಲ, ಅದು ಮನುಷ್ಯನಾ ಯಂತ್ರಾನಾ?

ಯಂತ್ರ. 17ನೇ ಶತಮಾನದ ಕೊನೆಗೆ ಹಾಲೆಂಡಿನಲ್ಲಿ ಹುಟ್ಟಿದ್ದರಿಂದ ಆ ಹೆಸರು. ಅಲ್ಲಿ ಜೋರಾಗಿ ಹರಿಯುವ ಹೊಳೆ ಕಡಿಮೆ, ಗಾಳಿಯಂತ್ರ ಜಾಸ್ತಿ. ಮೊಟ್ಟೆಯಾಕಾರದ ಒಂದು ತೊಟ್ಟಿ, ಅದರೊಳಗೆ ಲೋಹದ ಅಲಗುಗಳಿರುವ ಒಂದು ಉರುಳೆ, ಅದರ ಕೆಳಗೆ ಅಲಗುಗಳದೇ ಒಂದು ಹಾಸು. ಉರುಳೆ ತಿರುಗಿದರೆ ಚಿಂದಿ ನೀರಿನ ಜೊತೆ ಸುತ್ತುತ್ತಾ ಸುತ್ತುತ್ತಾ ಅಲಗುಗಳ ನಡುವೆ ಸಿಕ್ಕಿ ನುಣ್ಣಗಾಗುತ್ತದೆ. ಸುತ್ತಿಗೆಗಳು ಇಡೀ ದಿನ ಕುಟ್ಟುವುದನ್ನು ಇದು ಕೆಲವೇ ಗಂಟೆಗಳಲ್ಲಿ ಮುಗಿಸುತ್ತಿತ್ತು. ಕೊಳೆಸುವುದೂ ಬೇಕಿರಲಿಲ್ಲ.

ಫ್ರಾನ್ಸಿನಲ್ಲಿ ಇದನ್ನು ಹಾಕಿಕೊಂಡಿದ್ದ ದೊಡ್ಡ ಗಿರಣಿ ಮೊಂತಾರ್ಜಿ ಹತ್ತಿರದ ಲಾಂಗ್ಲೆ. ಲಾಲಾಂದ್ ಪುಸ್ತಕದಲ್ಲಿ ಮತ್ತೆ ಮತ್ತೆ ಬರುವುದು ಈ ಗಿರಣಿಯೇ. ದಿದೆರೋ ವಿಶ್ವಕೋಶಕ್ಕೆ ಕಾಗದದ ಲೇಖನ ಬರೆದು ಚಿತ್ರ ಬಿಡಿಸಿದ ಗೂಸಿಯೆ ಹೋಗಿದ್ದೂ ಅಲ್ಲಿಗೇ. ಪೈಪೋಟಿಯ ಎರಡು ಪುಸ್ತಕಗಳಿಗೂ ಒಂದೇ ಗಿರಣಿ ಮಾದರಿ ಆಯಿತು.

ತೊಟ್ಟಿಯ ಹತ್ತಿರ ಮೂರು ಜನ ನಿಂತಿರೋ ಚಿತ್ರ ನೋಡಿದೆ. ಅವರು ಏನು ಮಾಡ್ತಿದ್ದಾರೆ?

ಪುಸ್ತಕದ ಜೀವ ಇರುವುದೇ ಆ ಚಿತ್ರದಲ್ಲಿ. ನಿಧಾನವಾಗಿ ಹೇಳುತ್ತೇನೆ.

ಮೊದಲನೆಯವನು ಮೊಗೆಯುವವನು. ಅವನ ಮುಂದೆ ತಿರುಳು ಕದಡಿದ ಉಗುರುಬೆಚ್ಚಗಿನ ನೀರಿನ ತೊಟ್ಟಿ. ಕೈಯಲ್ಲಿ ಅಚ್ಚು: ಮರದ ಚೌಕಟ್ಟಿಗೆ ಹಿತ್ತಾಳೆ ತಂತಿಗಳನ್ನು ಒತ್ತೊತ್ತಾಗಿ ಜೋಡಿಸಿದ ಜರಡಿ. ಅದರ ಮೇಲೆ ಬಿಚ್ಚಿ ಹಾಕಬಹುದಾದ ಒಂದು ಅಂಚು. ಅಚ್ಚನ್ನು ತೊಟ್ಟಿಗೆ ಇಳಿಸಿ, ಅಡ್ಡಲಾಗಿ ಎತ್ತುತ್ತಾನೆ. ನೀರು ಕೆಳಗೆ ಸೋರುತ್ತದೆ. ಆ ಎರಡು ಮೂರು ಕ್ಷಣದಲ್ಲಿ ಅಚ್ಚನ್ನು ಆ ಕಡೆ ಈ ಕಡೆ, ಹಿಂದೆ ಮುಂದೆ ಮೆಲ್ಲಗೆ ಅಲುಗಿಸುತ್ತಾನೆ. ನಾರುಗಳು ಒಂದರೊಳಗೊಂದು ಹೆಣೆದುಕೊಳ್ಳುವುದು ಆ ಅಲುಗಾಟದಲ್ಲಿ. ದೋಸೆ ಹುಯ್ಯುವವರ ಮಣಿಕಟ್ಟು ನೋಡಿದ್ದೀರಲ್ಲ, ಹಿಟ್ಟು ಎಲ್ಲ ಕಡೆ ಒಂದೇ ದಪ್ಪಕ್ಕೆ ಬರುತ್ತದೆ, ಹೇಗೆ ಅಂತ ಕೇಳಿದರೆ ಅವರಿಗೂ ಹೇಳಲು ಬರುವುದಿಲ್ಲ. ಇದೂ ಹಾಗೆಯೇ. ದಿನಕ್ಕೆ ಸಾವಿರಾರು ಹಾಳೆ, ಎಲ್ಲ ಒಂದೇ ತೂಕ ಬರಬೇಕು.

ಎರಡನೆಯವನು ಒರಗಿಸುವವನು. ಅಚ್ಚನ್ನು ಈಸಿಕೊಂಡು ಉಣ್ಣೆಯ ಕಂಬಳಿ ತುಂಡಿನ ಮೇಲೆ ಬೋರಲು ಒತ್ತಿ ಎತ್ತುತ್ತಾನೆ. ಹಸಿ ಹಾಳೆ ಕಂಬಳಿಗೆ ಅಂಟುತ್ತದೆ. ಖಾಲಿ ಅಚ್ಚು ಮೊದಲನೆಯವನಿಗೆ ವಾಪಸ್. ಅಷ್ಟರಲ್ಲಿ ಅವನು ಇನ್ನೊಂದು ಅಚ್ಚಿನಲ್ಲಿ ಮೊಗೆದು ಮುಗಿಸಿರುತ್ತಾನೆ. ಎರಡು ಅಚ್ಚು, ಒಂದೇ ಅಂಚು, ಕೈಗಳಿಗೆ ಬಿಡುವೇ ಇಲ್ಲ. ಕಂಬಳಿ, ಹಾಳೆ, ಕಂಬಳಿ, ಹಾಳೆ ಅಂತ ರಾಶಿ ಬೆಳೆದ ಮೇಲೆ ಅದನ್ನು ತಿರುಪಿನ ಒತ್ತುಯಂತ್ರಕ್ಕೆ ಕೊಟ್ಟು, ಎಲ್ಲರೂ ಸೇರಿ ಎಳೆದು ನೀರು ಹಿಂಡುತ್ತಾರೆ.

ಮೂರನೆಯವನು ಬಿಡಿಸುವವನು. ಹಿಂಡಿದ ರಾಶಿಯಿಂದ ಹಸಿ ಹಾಳೆಗಳನ್ನು ಹರಿಯದ ಹಾಗೆ ಒಂದೊಂದಾಗಿ ಬಿಡಿಸಿ ಪೇರಿಸುತ್ತಾನೆ.

ಈ ಮೂವರ ಹೆಸರು ಎಲ್ಲೂ ಉಳಿಯಲಿಲ್ಲ. ಆದರೆ ಅವರು ಎಲ್ಲಿ ನಿಲ್ಲುತ್ತಾರೆ, ಯಾವ ಕೈ ಎಲ್ಲಿ ಹಿಡಿಯುತ್ತಾರೆ, ಯಾವ ಹೊತ್ತಿಗೆ ತಿರುಗುತ್ತಾರೆ ಎನ್ನುವುದು ಉಳಿದಿದೆ. ಆಕಾಶದ ಒಂದು ಚುಕ್ಕೆ ದೂರದರ್ಶಕದೊಳಗಿನ ತಂತಿ ದಾಟುವ ಕ್ಷಣವನ್ನು ಎಣಿಸಿ ಬರೆದುಕೊಳ್ಳುವ ಅಭ್ಯಾಸ ಇದ್ದ ಮನುಷ್ಯ ಲಾಲಾಂದ್. ಅದೇ ಕಣ್ಣನ್ನು ಅವರು ಕೂಲಿಯವರ ಕೈ ಮೇಲೆ ಇಟ್ಟರು. ನಾನು ಅವರನ್ನು ಇಷ್ಟಪಡುವುದು ಇದಕ್ಕೇ.

ಕಾಗದಕ್ಕೆ ಚರ್ಮದ ಅಂಟು ಹಚ್ಚುತ್ತಿದ್ದರಂತೆ. ಅದರ ಅಗತ್ಯ ಏನು?

ಅಂಟು ಇಲ್ಲದ ಕಾಗದದ ಮೇಲೆ ಶಾಯಿಯ ಪೆನ್ನಿನಲ್ಲಿ ಬರೆದು ನೋಡಿ. ಅಕ್ಷರ ಹರಡಿ ಮುದ್ದೆಯಾಗುತ್ತದೆ. ಒತ್ತುಕಾಗದ ಅಂದರೆ ಅದೇ ತಾನೇ. ಅದಕ್ಕೆ ಗಿರಣಿಯವರು ಚರ್ಮ ಹದ ಮಾಡುವವರ ಹತ್ತಿರ ಚೂರುಪಾರು ಚರ್ಮ, ಕುರಿಯ ಕಾಲು ತಂದು, ಗಂಟೆಗಟ್ಟಲೆ ಕುದಿಸಿ, ಸೋಸಿ ಅಂಟು ಮಾಡುತ್ತಿದ್ದರು. ಸ್ವಲ್ಪ ಪಟಿಕ ಸೇರಿಸುತ್ತಿದ್ದರು. ಒಣಗಿದ ಹಾಳೆಗಳನ್ನು ಹಿಡಿಹಿಡಿಯಾಗಿ ಅದರಲ್ಲಿ ಅದ್ದಿ, ಹಿಂಡಿ, ಮತ್ತೆ ಒಣಗಿಸುವುದು. ಬಿಸಿ ಅಂಟಿನಲ್ಲಿ ಹಾಳೆ ಹರಿದು ಹಾಳಾಗುವುದು ಎಷ್ಟೆಂದರೆ, ಇಂಗ್ಲಿಷ್ ಗಿರಣಿಗಳಲ್ಲಿ ಈ ಕೋಣೆಗೆ ಕಸಾಯಿಖಾನೆ ಎಂಬ ಅಡ್ಡಹೆಸರೇ ಇತ್ತು.

ನಮ್ಮ ಕಡತ ನೆನಪಾಗುತ್ತದೆ. ಕನ್ನಡ ನಾಡಿನಲ್ಲಿ ಲೆಕ್ಕಪತ್ರಕ್ಕೆ ಬಳಸುತ್ತಿದ್ದ ಮಡಿಕೆಯ ಬಟ್ಟೆಯ ಪುಸ್ತಕ ಅದು. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲಿನ ಪುಡಿ ಬಳಿದು, ಒಣಗಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಬರೆಯುವ ಮೈ ಗಟ್ಟಿಯಾಗಬೇಕು ಅನ್ನುವ ಕಷ್ಟ ಎಲ್ಲ ಕಡೆ ಒಂದೇ. ಅವರಿಗೆ ಕುರಿಯ ಕಾಲು ಸಿಕ್ಕಿತು, ನಮಗೆ ಹುಣಸೆ ಬೀಜ.

ಹೆಂಗಸರು ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದರಾ?

ಗಿರಣಿಯ ಮೊದಲೂ ಅವರೇ, ಕೊನೆಯೂ ಅವರೇ. ಚಿಂದಿ ಆರಿಸಿ ಕತ್ತರಿಸುವುದು, ಅಟ್ಟದಲ್ಲಿ ಹಾಳೆಗಳನ್ನು ಹಗ್ಗದ ಮೇಲೆ ಒಣಹಾಕುವುದು, ಒಣಗಿದ್ದನ್ನು ಬೆಳಕಿಗೆ ಹಿಡಿದು ಗಂಟು ಕೆರೆಯುವುದು, ಕಲ್ಲಿನಿಂದ ಉಜ್ಜಿ ನಯ ಮಾಡುವುದು, ಎಣಿಸಿ ಕಟ್ಟುವುದು. ಚಿಂದಿಯ ದೂಳು ಕುಡಿದವರೂ ಅವರೇ. ಕೂಲಿ ಮಾತ್ರ ಗಂಡಸರಿಗಿಂತ ಕಡಿಮೆ.

ಲಾಲಾಂದ್ ಬಗ್ಗೆ ಇಲ್ಲೊಂದು ಮಾತು ಹೇಳಲೇಬೇಕು. ಹ್ಯಾಲಿ ಧೂಮಕೇತು ಯಾವಾಗ ವಾಪಸ್ ಬರುತ್ತದೆ ಎಂದು ಕ್ಲೆರೋ ಎಂಬ ಗಣಿತಜ್ಞರು ಲೆಕ್ಕ ಹಾಕಿದಾಗ, ಲಾಲಾಂದ್ ಮತ್ತು ನಿಕೋಲ್-ರೇನ್ ಲೆಪೋತ್ ಎಂಬ ಹೆಂಗಸು ತಿಂಗಳುಗಟ್ಟಲೆ ಬೆಳಗಿನಿಂದ ರಾತ್ರಿವರೆಗೆ ಅಂಕಿ ಕೂಡಿದರು. 1759ರ ಏಪ್ರಿಲ್ ನಡುವೆ ಸೂರ್ಯನಿಗೆ ಹತ್ತಿರ ಬರುತ್ತದೆ, ಹೆಚ್ಚು ಕಡಿಮೆ ಒಂದು ತಿಂಗಳು ಅಂದರು. ಬಂದದ್ದು ಮಾರ್ಚ್ 13ಕ್ಕೆ. ಕ್ಲೆರೋ ಮುಂದೆ ಆಕೆಯ ಹೆಸರನ್ನು ಕೈಬಿಟ್ಟರು. ಲಾಲಾಂದ್ ಬಿಡಲಿಲ್ಲ. ಆಕೆ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕುವ ಧೈರ್ಯವೇ ಇರುತ್ತಿರಲಿಲ್ಲ ಎಂದು ಬರೆದರು.

## ಹಾಳೆ, ಗುರುತು, ಹೆಸರು

ಹಳೆ ಕಾಗದವನ್ನು ಬೆಳಕಿಗೆ ಹಿಡಿದರೆ ಗೆರೆ ಕಾಣುತ್ತಲ್ಲ, ಅದು ಏನು?

ಅದು ಅಚ್ಚಿನ ತಂತಿಗಳ ಗುರುತು. ತಂತಿ ಇದ್ದ ಕಡೆ ತಿರುಳು ತೆಳ್ಳಗೆ ಕೂರುತ್ತದೆ, ಬೆಳಕು ಜಾಸ್ತಿ ದಾಟುತ್ತದೆ. ಒತ್ತೊತ್ತಾದ ಸಣ್ಣ ಗೆರೆಗಳು ಹಿತ್ತಾಳೆ ತಂತಿಯವು. ಅವಕ್ಕೆ ಅಡ್ಡಲಾಗಿ ದೂರ ದೂರ ಇರುವ ಗೆರೆಗಳು, ತಂತಿಗಳನ್ನು ಹಿಡಿದಿಟ್ಟ ಅಡ್ಡಪಟ್ಟಿಗಳವು. ಅದೇ ಜರಡಿಯ ಮೇಲೆ ತಂತಿಯನ್ನು ಬಗ್ಗಿಸಿ ದ್ರಾಕ್ಷಿ ಗೊಂಚಲು, ಗಂಟೆ, ಕಿರೀಟ ಹೊಲಿದರೆ ಅದು ನೀರುಗುರುತು. ನಮ್ಮ ನೋಟಿನಲ್ಲಿ ಗಾಂಧೀಜಿ ಮುಖ ಬೆಳಕಿಗೆ ಮಾತ್ರ ಕಾಣುವುದೂ ಇದೇ ಉಪಾಯದಿಂದ.

ಗೆರೆ ಇಲ್ಲದ ಕಾಗದವೂ ಆಗಲೇ ಹುಟ್ಟಿತ್ತು. ಬಟ್ಟೆಯಂತೆ ನೇಯ್ದ ತಂತಿ ಜಾಲರಿಯಲ್ಲಿ ಮಾಡಿದ ಹಾಳೆಯನ್ನು ಇಂಗ್ಲೆಂಡಿನ ಬ್ಯಾಸ್ಕರ್‌ವಿಲ್ 1757ರಲ್ಲಿ ಪುಸ್ತಕ ಮುದ್ರಣಕ್ಕೆ ಬಳಸಿದ್ದರು. ಫ್ರಾನ್ಸಿಗೆ ಅದು ಬಂದದ್ದು ಲಾಲಾಂದ್ ಪುಸ್ತಕದ ಎಷ್ಟೋ ವರ್ಷ ನಂತರ.

ಒಂದು ಫ್ರೆಂಚ್ ಪತ್ರದಲ್ಲಿ 1742 ಅಂತ ನೀರುಗುರುತು ಇದೆ. ಪತ್ರ ಅದೇ ವರ್ಷದ್ದು ತಾನೇ?

ಅವಸರ ಬೇಡ. ಈ ಅಂಕಿ ಬಹಳ ಜನರನ್ನು ದಾರಿ ತಪ್ಪಿಸಿದೆ. 1739ರಲ್ಲಿ ಫ್ರಾನ್ಸಿನ ಸರ್ಕಾರ ಕಾಗದದ ಅಳತೆ, ತೂಕ, ಹೆಸರು, ಗುರುತು ಎಲ್ಲಕ್ಕೂ ಒಂದು ದೊಡ್ಡ ಕಟ್ಟಳೆ ತಂದಿತು. 1741ರ ತಿದ್ದುಪಡಿಯ ಪ್ರಕಾರ ಅಚ್ಚಿನಲ್ಲಿ 1742 ಎಂದು ಹಾಕಬೇಕಿತ್ತು. ಗಿರಣಿಯವರು ಹಾಕಿದರು. ಮುಂದಿನ ವರ್ಷ ಅಂಕಿ ಬದಲಿಸಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಇರಲಿಲ್ಲ. ಹಾಗಾಗಿ ದಶಕಗಳ ನಂತರವೂ ಹೊಸ ಅಚ್ಚಿನಲ್ಲಿ 1742 ಎಂದೇ ಹೊಲಿಯುತ್ತಿದ್ದರು. ನಿಮ್ಮ ಪತ್ರ 1742ಕ್ಕಿಂತ ಹಳೆಯದಲ್ಲ ಅಂತ ಮಾತ್ರ ಹೇಳಬಹುದು.

ಲಾಲಾಂದ್ ಈ ಕಟ್ಟಳೆಗಳನ್ನೂ ಹಾಳೆಯ ಅಳತೆಗಳ ಪಟ್ಟಿಯನ್ನೂ ಪುಸ್ತಕದಲ್ಲಿ ಸೇರಿಸಿದ್ದಾರೆ. ಓದಲು ಬೇಜಾರು, ಆದರೆ ಹಳೆ ದಾಖಲೆ ನೋಡುವವರಿಗೆ ಅದೇ ಕೈದೀಪ.

ಫೂಲ್ಸ್‌ಕ್ಯಾಪ್, ರೀಮು, ದಸ್ತು ಇವೆಲ್ಲ ಎಲ್ಲಿಂದ ಬಂದ ಮಾತುಗಳು?

ಪರೀಕ್ಷೆಗೆ ಫೂಲ್ಸ್‌ಕ್ಯಾಪ್ ಹಾಳೆ ತರುತ್ತಿದ್ದೆವಲ್ಲ, ಅದು ಒಂದು ನೀರುಗುರುತಿನ ಹೆಸರು. ಗಂಟೆ ತೂಗುವ ಟೋಪಿ ಹಾಕಿದ ವಿದೂಷಕನ ಚಿತ್ರ ಆ ಅಳತೆಯ ಕಾಗದದಲ್ಲಿ ಇರುತ್ತಿತ್ತು. ಚಿತ್ರ ಹೋಯಿತು, ಅಳತೆಗೆ ಹೆಸರು ಉಳಿಯಿತು. ಲಾಲಾಂದ್ ಪಟ್ಟಿಯ ಫ್ರೆಂಚ್ ಹೆಸರುಗಳೂ ಹೀಗೇ: ದ್ರಾಕ್ಷಿ, ಕಿರೀಟ, ಹೂಜಿ, ದೊಡ್ಡ ಹದ್ದು.

ಎಣಿಕೆಯ ಮಾತುಗಳು ಇನ್ನೂ ಚೆನ್ನ. ಫ್ರೆಂಚಿನಲ್ಲಿ 25 ಹಾಳೆಯ ಕಟ್ಟಿಗೆ ಕೈ ಅಂತ ಹೆಸರು. ಅಂಥ 20 ಸೇರಿದರೆ 500 ಹಾಳೆಯ ರೀಮು. ನಮ್ಮ ದಸ್ತು ಪಾರ್ಸಿಯಿಂದ ಬಂದದ್ದು, ಅದರ ಬೇರು ದಸ್ತ್, ಅಂದರೆ ಅದೂ ಕೈಯೇ. ರೀಮು ಎಂಬುದು ಅರಬ್ಬಿಯ ರಿಜ್ಮಾ, ಅಂದರೆ ಮೂಟೆ. ಸ್ಪೇನಿನ ದಾರಿಯಲ್ಲಿ ಯುರೋಪಿಗೆ ಹೋಗಿ, ಇಂಗ್ಲಿಷರ ಜೊತೆ ನಮ್ಮ ಅಂಗಡಿಗೆ ಬಂತು. ಕಾಗದ ಎನ್ನುವ ಮಾತೂ ಪಾರ್ಸಿಯದೇ. ಕಸುಬು ಯಾವ ದಾರಿಯಲ್ಲಿ ನಡೆದು ಬಂತು ಎನ್ನುವುದು ನಾವು ದಿನಾ ಆಡುವ ಮಾತಿನಲ್ಲೇ ಇದೆ.

## ಇನ್ನೂ ಆಳಕ್ಕೆ ಹೋಗುವವರಿಗೆ

ಲಾಲಾಂದ್ ಪುಸ್ತಕದಲ್ಲಿ ತಪ್ಪುಗಳಿಲ್ಲವಾ?

ಇವೆ. ಅದನ್ನು ತೋರಿಸಿದವರು ನಿಕೋಲಾ ಡೆಮಾರೆ. ಸರ್ಕಾರದ ಕೈಗಾರಿಕಾ ಅಧಿಕಾರಿ, ಭೂವಿಜ್ಞಾನಿಯೂ ಹೌದು. 1768ರಲ್ಲಿ ಮತ್ತು 1777ರಲ್ಲಿ ಹಾಲೆಂಡಿಗೇ ಹೋಗಿ ಗಿರಣಿಗಳನ್ನು ನೋಡಿ ಬಂದರು. ಅವರು ಕಂಡದ್ದು ಇಷ್ಟು: ಹಾಲೆಂಡರ್ ಯಂತ್ರ ಒಂದನ್ನೇ ತಂದು ಕೂರಿಸಿದರೆ ಆಗುವುದಿಲ್ಲ. ಕೊಳೆಸದ ಚಿಂದಿಯ ತಿರುಳಿನ ಗುಣವೇ ಬೇರೆ. ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೆ ತಕ್ಕಂತೆ ಮೊಗೆಯುವ, ಒತ್ತುವ, ಒಣಗಿಸುವ ಕೆಲಸವೂ ಬದಲಾಗಬೇಕು. ಡಚ್ಚರು ಹಸಿ ಹಾಳೆಗಳನ್ನು ಅದಲು ಬದಲು ಪೇರಿಸಿ ಮತ್ತೆ ಮತ್ತೆ ಒತ್ತುತ್ತಿದ್ದರು. ಹಾಳೆಗೆ ಆ ನಯ ಬರುತ್ತಿದ್ದದ್ದು ಅದರಿಂದ. ಯಂತ್ರವನ್ನು ಮಾತ್ರ ನೋಡಿದವರಿಗೆ ಇದು ಕಾಣಲಿಲ್ಲ.

ಡೆಮಾರೆ 1788ರಲ್ಲಿ ತಮ್ಮದೇ ವಿವರವಾದ ಬರಹ ಅಚ್ಚು ಹಾಕಿಸಿದರು. ಅನ್ನೊನೆ ಊರಿನ ಗಿರಣಿಗಳು ಅವರ ಮಾತು ಕೇಳಿ ಬದಲಾದವು. ಅದರಲ್ಲಿ ಒಂದು ಮೊಂಗೊಲ್ಫಿಯೆ ಮನೆತನದ್ದು. ಹೌದು, 1783ರಲ್ಲಿ ಬಿಸಿಗಾಳಿ ಬಲೂನು ಹಾರಿಸಿದ ಅಣ್ಣತಮ್ಮಂದಿರೇ. ಆ ಬಲೂನಿನ ಬಟ್ಟೆಗೆ ಒಳಗಡೆ ಕಾಗದದ ಪದರ ಇತ್ತು.

ನನ್ನ ಅಭಿಪ್ರಾಯ ಕೇಳಿದರೆ, ಡೆಮಾರೆ ಕಾಗದವನ್ನು ಹೆಚ್ಚು ಬಲ್ಲವರು. ಆದರೆ ತಿದ್ದಲು ಎದುರಿಗೆ ಒಂದು ಬರಹ ಇರಬೇಕಲ್ಲ. ಅದನ್ನು ಕೊಟ್ಟವರು ಲಾಲಾಂದ್.

ಬೇರೆ ದೇಶದವರು ಇದನ್ನು ಓದಿದರಾ?

ಓದಿದರು. ಮರುವರ್ಷವೇ, 1762ರಲ್ಲಿ, ಯುಸ್ಟಿ ಎಂಬವರ ಜರ್ಮನ್ ಅನುವಾದ ಬಂತು. 1778ರಲ್ಲಿ ಮ್ಯಾಡ್ರಿಡ್ಡಿನಲ್ಲಿ ಸ್ಪ್ಯಾನಿಶ್ ಅನುವಾದ ಬಂತು. ಗಿರಣಿಯ ಮಾಲೀಕರಿಗಂತೂ ಇದು ಹಿಡಿಸಿರಲಾರದು. ಅಪ್ಪ ಮಗನಿಗೆ ಮಾತ್ರ ಹೇಳಿಕೊಡುತ್ತಿದ್ದ ಗುಟ್ಟು ಅಂಗಡಿಯಲ್ಲಿ ಮಾರಾಟಕ್ಕೆ ಬಂದಿತ್ತು. ಈಗ ಮೂಲ ಫ್ರೆಂಚ್ ಪುಸ್ತಕ ಸ್ಕ್ಯಾನ್ ಆಗಿ ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ. ಭಾಷೆ ಬಾರದಿದ್ದರೂ ಕೊನೆಯ ಚಿತ್ರಪಟಗಳನ್ನು ನೋಡಿ. ಅರ್ಧ ಪಾಠ ಅಲ್ಲೇ ಆಗುತ್ತದೆ.

ಅವರಿಗೆ ಗೊತ್ತಾಗದೇ ಹೋದದ್ದು ಏನು?

ಅವರ ಪುಸ್ತಕ ಬಂದ ನಂತರದ ಎಂಬತ್ತು ತೊಂಬತ್ತು ವರ್ಷದಲ್ಲಿ ಎಲ್ಲವೂ ಬುಡಮೇಲಾಯಿತು. 1774ರಲ್ಲಿ ಶೇಲೆ ಕ್ಲೋರಿನ್ ಕಂಡುಹಿಡಿದರು, 1785ರಲ್ಲಿ ಬರ್ತೊಲೆ ಅದರಿಂದ ಬಟ್ಟೆ ಬಿಳಿ ಮಾಡಿದರು. ಬಣ್ಣದ ಚಿಂದಿಯೂ ಬಿಳಿ ಕಾಗದ ಆಗತೊಡಗಿತು. 1799ರಲ್ಲಿ ಲೂಯಿ ನಿಕೋಲಾ ರೋಬೇರ್ ಎಂಬ ಗಿರಣಿ ನೌಕರ, ತಿರುಗುವ ಜಾಲರಿಯ ಮೇಲೆ ಮುಗಿಯದಷ್ಟು ಉದ್ದದ ಹಾಳೆ ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದರು. ತೊಟ್ಟಿಯ ಆ ಮೂವರ ಕೆಲಸ ಆ ಜಾಲರಿಗೆ ಹೋಯಿತು. ಲಾಲಾಂದ್ ಬದುಕಿದ್ದಾಗಲೇ ಇದು ಆಯಿತು.

ಮರದ ತಿರುಳಿನ ಸುಳಿವು ಮಾತ್ರ ಮೊದಲೇ ಇತ್ತು. ಕಣಜ ಮರ ಕೆರೆದು ಅಗಿದು ಕಾಗದದಂಥ ಗೂಡು ಕಟ್ಟುತ್ತದೆ, ನಾವೂ ಹಾಗೆ ಮಾಡಬಾರದೇ ಎಂದು ರೆಯೋಮ್ಯೂರ್ 1719ರಲ್ಲೇ ಕೇಳಿದ್ದರು. ಅದನ್ನು ಮಾಡಿ ತೋರಿಸಿದ್ದು 1840ರ ದಶಕದಲ್ಲಿ, ಜರ್ಮನಿಯ ಕೆಲ್ಲರ್.

ಆ ಕಾಲದ ಪುಸ್ತಕ ಇನ್ನೂ ಬೆಳ್ಳಗಿದೆ, ನಮ್ಮ ಮನೆಯ 1970ರ ಪುಸ್ತಕ ಪುಡಿಪುಡಿ. ಯಾಕೆ ಹೀಗೆ?

ನಾರು ಬೇರೆ, ಅಂಟು ಬೇರೆ. ಬಟ್ಟೆಯ ನಾರು ಹೆಚ್ಚುಕಡಿಮೆ ಶುದ್ಧ ಸೆಲ್ಯುಲೋಸ್, ಉದ್ದವೂ ಹೌದು. ಅರೆದ ಮರದಲ್ಲಿ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ. ಬೆಳಕು ಗಾಳಿ ತಾಗಿದರೆ ಅದು ಹಳದಿಯಾಗುತ್ತದೆ. 1807ರಲ್ಲಿ ಜರ್ಮನಿಯ ಇಲ್ಲಿಗ್ ಚರ್ಮದ ಅಂಟಿನ ಬದಲು ರಾಳ ಮತ್ತು ಪಟಿಕವನ್ನು ತಿರುಳಿಗೇ ಬೆರೆಸುವ ದಾರಿ ತೋರಿಸಿದರು. ಸುಲಭ, ಅಗ್ಗ. ಆದರೆ ಅದು ಹುಳಿ ಗುಣದ್ದು, ಹಾಳೆಯನ್ನು ಒಳಗಿನಿಂದಲೇ ತಿನ್ನುತ್ತದೆ. ಲಾಲಾಂದ್ ವಿವರಿಸಿದ ರೀತಿಯಲ್ಲಿ ಮಾಡಿದ ಕಾಗದ 250 ವರ್ಷ ಆದರೂ ಮಡಚಿದರೆ ಮುರಿಯುವುದಿಲ್ಲ.

ಹಾಗಂತ ಮರದ, ಬಿದಿರಿನ ಕಾಗದವನ್ನು ನಾನು ಬೈಯುವುದಿಲ್ಲ. ಭದ್ರಾವತಿಯಲ್ಲಿ, ದಾಂಡೇಲಿಯಲ್ಲಿ ಬಿದಿರು ಅರೆದು ಕಾಗದ ಮಾಡಿದ್ದರಿಂದ ಎಷ್ಟೋ ಮಕ್ಕಳ ಕೈಗೆ ನೋಟ್‌ಬುಕ್ ಬಂತು. ಚಿಂದಿಯನ್ನೇ ನಂಬಿದ್ದರೆ ಅಷ್ಟು ಹಾಳೆ ಎಲ್ಲಿಂದ ತರುವುದು?

ಲಾಲಾಂದ್‌ಗೂ ಭಾರತಕ್ಕೂ ಏನಾದರೂ ನಂಟು ಇದೆಯಾ?

ಕಾಗದದ ನಂಟಿಲ್ಲ. ಆಕಾಶದ ನಂಟಿದೆ. ಪುಸ್ತಕ ಬಂದ 1761ರ ಜೂನ್ 6ರಂದೇ ಶುಕ್ರಗ್ರಹ ಸೂರ್ಯನ ಮುಂದೆ ಹಾದುಹೋಯಿತು. ಅದನ್ನು ಪಾಂಡಿಚೇರಿಯಿಂದ ನೋಡಲು ಲೆ ಜೆಂಟಿಲ್ ಎಂಬ ಫ್ರೆಂಚ್ ಖಗೋಳಜ್ಞರು ಹೊರಟಿದ್ದರು. ಅಷ್ಟರಲ್ಲಿ ಊರು ಇಂಗ್ಲಿಷರ ಪಾಲಾಗಿತ್ತು. ತೂಗಾಡುವ ಹಡಗಿನಿಂದ ನೋಡಿದ್ದು ಲೆಕ್ಕಕ್ಕೆ ಬರಲಿಲ್ಲ. ಎಂಟು ವರ್ಷ ಕಾದು 1769ರಲ್ಲಿ ಪಾಂಡಿಚೇರಿಯಲ್ಲೇ ನಿಂತರು. ಮೋಡ ಕವಿಯಿತು. ಶುಕ್ರ ಹಾದುಹೋದದ್ದನ್ನು ನೋಡಿದವರ, ಬೇರೆ ಬೇರೆ ದೇಶಗಳಿಂದ ಬಂದ ಅಳತೆಗಳನ್ನು ಕೂಡಿ, ಸೂರ್ಯ ಸುಮಾರು 15.3 ಕೋಟಿ ಕಿಲೋಮೀಟರ್ ದೂರ ಎಂದು 1771ರಲ್ಲಿ ಲೆಕ್ಕ ಕೊಟ್ಟದ್ದು ಲಾಲಾಂದ್. ಈಗಿನ ಲೆಕ್ಕ 14.96 ಕೋಟಿ.

ಅದೇ ಹೊತ್ತಿನಲ್ಲಿ ನಮ್ಮ ದೇಶದ ಕಾಗದಗಾರರು ಬೇರೆ ದಾರಿಯಲ್ಲಿ ಹಾಳೆ ಮಾಡುತ್ತಿದ್ದರು. ಹಳೆ ಸಣಬಿನ ಹಗ್ಗ, ಕಾಲಲ್ಲಿ ತುಳಿಯುವ ಒನಕೆ, ಸುರುಳಿ ಸುತ್ತಬಹುದಾದ ಹುಲ್ಲುಕಡ್ಡಿಯ ಜರಡಿ, ಹಿಟ್ಟಿನ ಗಂಜಿ, ಉಜ್ಜಲು ನುಣುಪು ಕಲ್ಲು. ಅವರ ತೊಟ್ಟಿಯ ಪಕ್ಕ ಕೂತು ಅಷ್ಟೇ ವಿವರವಾಗಿ ಬರೆದುಕೊಂಡವರು ಆ ಕಾಲಕ್ಕೆ ಒಬ್ಬರಾದರೂ ಇದ್ದಿದ್ದರೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಈ ಪುಸ್ತಕ ನೋಡಿಕೊಂಡು ಮನೆಯಲ್ಲಿ ಕಾಗದ ಮಾಡಬಹುದಾ?

ನಾನು ಮಾಡಿದ್ದೇನೆ. ಹಳೆ ಹತ್ತಿ ಪಂಚೆಯನ್ನು ಬೆರಳುಗುರು ಅಗಲಕ್ಕೆ ಕತ್ತರಿಸಿ, ಬಕೆಟ್ಟಿನಲ್ಲಿ ನೆನೆಸಿಟ್ಟೆ. ಹತ್ತು ದಿನಕ್ಕೆ ಬಂದ ವಾಸನೆಗೆ ಬಕೆಟ್ ತಾರಸಿಗೆ ಹೋಯಿತು. ಆಮೇಲೆ ಸೋಡಾ ಹಾಕಿ ಕುದಿಸಿ, ತೊಳೆದು, ಒಂದೊಂದು ಹಿಡಿಯನ್ನು ಜಾಸ್ತಿ ನೀರಿನಲ್ಲಿ ಮಿಕ್ಸಿಗೆ ಹಾಕಿದೆ. ಮಿಕ್ಸಿ ನಾರನ್ನು ಕತ್ತರಿಸುತ್ತದೆ, ಬಿಡಿಸುವುದಿಲ್ಲ. ಮೊದಲ ಹಾಳೆಗಳು ಒಣಗಿದಾಗ ಹಪ್ಪಳದ ಹಾಗೆ ಮುರಿದವು. ಮಿಕ್ಸಿ ಬಿಟ್ಟು ಒರಳಲ್ಲಿ ಕುಟ್ಟಿದ ಮೇಲೆ ಹಾಳೆ ಗಟ್ಟಿಯಾಯಿತು.

ಸೊಳ್ಳೆ ಜಾಲರಿಯನ್ನು ಮರದ ಚೌಕಟ್ಟಿಗೆ ಬಿಗಿದರೆ ಅಚ್ಚು ಆಯಿತು. ಅಂಚಿಗೆ ಇನ್ನೊಂದು ಖಾಲಿ ಚೌಕಟ್ಟು. ಕಂಬಳಿಯ ಬದಲು ಹಳೆ ಟವೆಲ್. ಅಚ್ಚನ್ನು ಅಲುಗಿಸುವ ವಿಷಯ ಮಾತ್ರ ಓದಿದ್ದರಿಂದ ಬರಲಿಲ್ಲ. ಮೂವತ್ತು ನಲವತ್ತು ಹಾಳೆ ಕೆಟ್ಟ ಮೇಲೆ, ನೀರು ಇಳಿಯುವ ಸದ್ದು ಬದಲಾದಾಗ ಕೈ ನಿಲ್ಲಿಸಬೇಕು ಎಂದು ಗೊತ್ತಾಯಿತು.

ಕುರಿಯ ಕಾಲಿನ ಅಂಟಿಗೆ ನಾನು ಹೋಗಲಿಲ್ಲ. ತೆಳ್ಳಗಿನ ಅಕ್ಕಿ ಗಂಜಿಯಲ್ಲಿ ಹಾಳೆ ಅದ್ದಿ, ನೆರಳಲ್ಲಿ ಒಣಗಿಸಿ, ಸ್ಟೀಲ್ ಲೋಟದ ತಳದಿಂದ ಉಜ್ಜಿದೆ. ಶಾಯಿ ಪೆನ್ನಿನಲ್ಲಿ ಮನೆಯವರ ಹೆಸರುಗಳನ್ನು ಬರೆದೆ. ಅಕ್ಷರ ಹರಡಲಿಲ್ಲ.